ಐದನೇ ನಂಬರ್ ಕಡಾಯಿಗೆ ತಿಳಿಸುವುದೇನೆಂದರೆ

ಕುಂದಾಪುರದಲ್ಲಿ ಹದಿನಾಲ್ಕು ವರ್ಷ ಕನ್ನಡ ಟೈಪಿಂಗ್ ಕಲಿಸಿದ್ದಕ್ಕೆ ನನಗೆ ಸಿಕ್ಕ ಆಸ್ತಿ ಎಂದರೆ ಒಂದು ಹೆಸರು: ಟೀಚರು. ಮೀನು ಮಾರುವವರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ್ ತನಕ ಎಲ್ಲರೂ ಹಾಗೆಯೇ ಕರೆಯುತ್ತಾರೆ. ಟೈಪಿಂಗ್ ಕಲಿಯುವವರು ಒಬ್ಬೊಬ್ಬರೇ ಕರಗಿಹೋದ ಮೇಲೆ ನಾನು ಉಡುಪಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ ಬಂದು, ವಿಸಿಟಿಂಗ್ ಕಾರ್ಡಿನಲ್ಲಿ 'ಸಮಗ್ರ ಡಿಜಿಟಲ್ ಕಚೇರಿ ವ್ಯವಸ್ಥೆ' ಎಂದು ಅಚ್ಚು ಹಾಕಿಸಿದೆ. ಪ್ರೆಸ್ಸಿನವರು ಕನ್ನಡಕ ಮೇಲೆ ಮಾಡಿ, "ಅಂದ್ರೆ ಎಂತ ಟೀಚ್ರೆ?" ಎಂದು ಕೇಳಿದರು. ಆಫೀಸಿನ ಮಾತುಕತೆ, ಕ್ಯಾಲೆಂಡರು, ಸಾಮಾನಿನ ಪಟ್ಟಿ, ಫೋಟೊ, ಮೀಟಿಂಗು ಎಲ್ಲವೂ ಒಂದೇ ಕಡೆ ಸಿಗುವಂತೆ ಮಾಡುವುದು ಎಂದೆ. "ನಮ್ಮಲ್ಲಿ ಎಲ್ಲ ಒಂದೇ ಮೇಜಿನ ಮೇಲೆ ಇತ್ತಲೆ ಮರ್ರೆ," ಎಂದು ಅವರು ತಮ್ಮ ಮೇಜು ತೋರಿಸಿದರು. ಅದರ ಮೇಲೆ ನಿಜಕ್ಕೂ ಎಲ್ಲವೂ ಇತ್ತು, ನಿನ್ನೆಯ ಅವಲಕ್ಕಿ ತಟ್ಟೆಯೂ ಇತ್ತು.

ಕೇಳಿಕೊಂಡು ಬಂದ ಅಂಗಡಿಯವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಾನು ಮನೆಯಲ್ಲಿ ಕೂತು ಕೆಲಸದವರ ಮೇಲೆ ಕಣ್ಣಿಡಲು ಆಗುತ್ತದೆಯೇ? ಬೇರೆ ಪ್ರಶ್ನೆ ಕೇಳಿದ್ದು ಒಬ್ಬರೇ. ಐವತ್ತೈದು ದಾಟಿದ ಹೆಂಗಸು, ಶಾಮಿಯಾನದ ಆಫೀಸಿನವರು. ಬಂದವರೇ ಕುರ್ಚಿಯಲ್ಲಿ ಕೂತು ಹೇಳಿದರು:

"ಟೀಚ್ರೆ, ನಾ ಇಲ್ದಿದ್ರೂ ಆಫೀಸ್ ನಡೀಕ್. ಹಾಂಗೆ ಮಾಡುಕೆ ಆತ್ತಾ?"

ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರದು ಮೂವರು ಒಡಹುಟ್ಟಿದವರ ವ್ಯಾಪಾರ. ಬೈಂದೂರಿನಲ್ಲಿ ಅಣ್ಣನ ಗೋದಾಮು: ಅಡುಗೆಯ ಕಡಾಯಿ, ಹಂಡೆ, ಕುರ್ಚಿ, ಮೇಜು. ಬ್ರಹ್ಮಾವರದಲ್ಲಿ ತಮ್ಮನ ಗೋದಾಮು: ಚಪ್ಪರದ ಕಂಬ, ಬಟ್ಟೆ, ದೀಪ, ಅಲಂಕಾರ. ನಡುವೆ ಕುಂದಾಪುರದಲ್ಲಿ ಅಕ್ಕ ಕೂತು ಮದುವೆ, ಮುಂಜಿ, ಸತ್ತವರ ಬೊಜ್ಜದ ಊಟ ಎಲ್ಲವನ್ನೂ ಬುಕ್ ಮಾಡಿಕೊಳ್ಳುತ್ತಾರೆ. ಒಬ್ಬನಿಂದ ಚಪ್ಪರ, ಒಬ್ಬನಿಂದ ಪಾತ್ರೆ. ಎರಡೂ ಒಂದೇ ಅಂಗಳಕ್ಕೆ ಒಂದೇ ದಿನ ಮುಟ್ಟಬೇಕು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲ ತೊಳೆದು ವಾಪಸು ಲೋಡ್ ಮಾಡುವುದು ತಮ್ಮನ ಕೆಲಸದವರ ಪಾಲು. ಕೇಳಲು ಸುಲಭ. ಆದರೆ ಅಣ್ಣತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ತನ್ನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಅಣ್ಣನನ್ನು ಮನೆಗೆ ಹೋಗಿ ಕರೆಯಲಿಲ್ಲ. ಮೊಬೈಲಿಗೆ ಆಮಂತ್ರಣದ ಕಾಗದದ ಫೋಟೊ ಹಾಕಿ, ಮೇಲೆ ಒಂದು ಫೋನು ಮಾಡಿದ, ಅಷ್ಟೇ. ಸ್ವಂತ ಅಣ್ಣನಿಗೆ ಫೋನಿನಲ್ಲಿ ಹೇಳಿಕೆ! ಅಣ್ಣ ಹೋಗಲಿಲ್ಲ. ಅಣ್ಣ ಬರಲಿಲ್ಲವೆಂದು ತಮ್ಮ ಮುಖ ತಿರುಗಿಸಿದ. ವ್ಯಾಪಾರ ಮಾತ್ರ ನಿಲ್ಲಲಿಲ್ಲ, ಏಕೆಂದರೆ ನಡುವೆ ಅಕ್ಕ ಇದ್ದರು.

ಅವರ ಮೇಜಿನ ಮೇಲೆ ಎರಡು ಮೊಬೈಲು. ಎಡಗಡೆಯದು ಬೈಂದೂರಿನ ಫೋನು, ಬಲಗಡೆಯದು ಬ್ರಹ್ಮಾವರದ ಫೋನು. ಆಫೀಸಿನ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ನಾನು ಒಂದು ದಿನ ಅಲ್ಲಿ ಕೂತಿದ್ದೆ. ತಂಗಿಯನ್ನು ಸಲಿಗೆಯಿಂದ 'ಹೆಣ್ಣೇ' ಎಂದು ಕರೆಯುವ ನಮ್ಮ ಕಡೆಯ ಮಾತಿನಲ್ಲಿ, ಎಡಗಡೆಯ ಫೋನಿನಿಂದ ಅಣ್ಣನ ದನಿ ನನ್ನ ಕುರ್ಚಿಯ ತನಕ ಬಂತು: "ಹೆಣೇ, ಆ ಬ್ರಹ್ಮಾವರದ ಮಹಾರಾಜ್ರಿಗೆ ಹೇಳ್, ಇಪ್ಪತ್ ಕುರ್ಚಿ ಕಾಲ್ ಮುರ್ದ್ ಕಳ್ಸಿರ್. ಕುರ್ಚಿ ಮೇಲೆ ಕುಣಿತ್ರಾ ಎಂತ ಅಂತ ಕೇಳ್."

ಅಕ್ಕ ಬಲಗಡೆಯ ಫೋನು ಎತ್ತಿಕೊಂಡರು. "ತಮ್ಮಾ, ಕುರ್ಚಿ ಕಾಲ್ ಒಂಚೂರ್ ಸಡ್ಲ ಆಯ್ತಂಬ್ರ್. ಲೋಡ್ ಮಾಡುವತ್ತಿಗೆ ಕಾಣ್ಕ್ ಅಂತ ಅಣ್ಣ ಹೇಳ್ದ."

"ಆ ಕುರ್ಚಿ ಅವ್ನ ತಲೆ ಹಾಂಗೇ ಹಳ್ತ್, ಮುಟ್ಟಿರೆ ಮುರಿತ್ತ್ ಅಂತ ಹೇಳ್," ಎಂದಿತು ಆ ಫೋನು.

ಅಕ್ಕ ಎಡಗಡೆಯದಕ್ಕೆ ಹೇಳಿದರು: "ಅಣ್ಣಾ, ಪಾಪ, ಕುರ್ಚಿ ಹಳ್ತಾಯ್ತ್, ನೀ ಹೇಳ್ದ್ ಸಮ ಅಂತ ಹೇಳ್ತಾ ಇದ್ದ."

ನಗು ತಡೆಯಲಾಗದೆ ನಾನು ಬಗ್ಗಿ ಪ್ರಿಂಟರಿನ ವೈರು ಹುಡುಕುವವಳಂತೆ ನಟಿಸಿದೆ. ದಿನಕ್ಕೆ ಮೂವತ್ತು ನಲವತ್ತು ಸಲ ಹೀಗೆ. ಬೈಗುಳ ಒಂದು ಕಿವಿಯಿಂದ ಒಳಗೆ ಹೋಗಿ ಸಕ್ಕರೆಯಾಗಿ ಬಾಯಿಂದ ಹೊರಗೆ ಬರುತ್ತಿತ್ತು. ಒಂಬತ್ತು ವರ್ಷ!

ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕ ವಿಷಯಕ್ಕೆ ಬಂದರು. ಅವರ ಎರಡನೇ ಮಗಳು ಮುಂಬಯಿಯಲ್ಲಿದ್ದಾಳೆ, ದಿನ ತುಂಬುತ್ತಾ ಬಂದಿದೆ, ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬಾಣಂತನಕ್ಕೆ ಅಕ್ಕನೇ ಅಲ್ಲಿಗೆ ಹೋಗಬೇಕು. ಮೂರು ವಾರದ ನಂತರದ ರೈಲಿಗೆ ಟಿಕೆಟ್ ಆಗಿದೆ. "ದೊಡ್ಡ ಮಗ್ಳ್ ಬಾಣಂತನ ಇಲ್ಲೇ, ನಮ್ಮನೇಲೇ ಆದ್ದ್," ಎಂದರು ಅವರು, ಅನ್ನ ಕಲಸುತ್ತಾ. "ನಾ ಈ ಎರಡ್ ಫೋನ್ ಹಿಡ್ಕಂಡ್ ಇಲ್ಲಿ ಕೂತಿದ್ದೆ. ಸಂಬಳದ ಹೆಂಗ್ಸ್ ಬಂದ್ ಮಗುಗೆ ನೀರ್ ಹಾಕಿ ಹೋತಿದ್ಲ್. ಈ ಸರ್ತಿ ಆತಿಲ್ಲೆ ಟೀಚ್ರೆ. ಎಂತ ಆರೂ ನಾ ಹೋಪುದೇ."

ನನಗೆ ಹುಮ್ಮಸ್ಸು ಬಂತು. ಎದೆ ತಟ್ಟಿಕೊಂಡು ಹೇಳಿದೆ, ನೀವು ಚೀಲ ಕಟ್ಟಿ, ಉಳಿದದ್ದು ನನಗೆ ಬಿಡಿ ಎಂದು. ಹೀಗೆ ಎದೆ ತಟ್ಟಿಕೊಂಡಾಗಲೆಲ್ಲ ನಾನು ಕೆಟ್ಟಿದ್ದೇನೆ. ಆದರೂ ಬುದ್ಧಿ ಬಂದಿಲ್ಲ.

ಮೊದಲ ವಾರವೇ ಎಡವಿದೆ. ಎರಡೂ ಗೋದಾಮಿಗೆ ಒಂದೊಂದು ಟ್ಯಾಬ್ ಕೊಡಿಸಿ, ಮೂರೂ ಊರಿಗೆ ಒಂದೇ ಡಿಜಿಟಲ್ ಕಚೇರಿ ತೆರೆದು, ಇ-ಮೇಲ್ ಬೇಗ ಕೊಟ್ಟವನು ತಮ್ಮನಾದ್ದರಿಂದ ಅವನ ಹೆಸರಿನಲ್ಲೇ ತೆರೆದೆ. ಆ ವ್ಯವಸ್ಥೆ ತನ್ನ ಪಾಡಿಗೆ ತಾನು ಬೈಂದೂರಿನ ಟ್ಯಾಬಿಗೆ ಸಂದೇಶ ಕಳಿಸಿತು: ಇಂಥವರು ನಿಮ್ಮನ್ನು ಆಹ್ವಾನಿಸಿದ್ದಾರೆ, ಒಪ್ಪಿಕೊಳ್ಳಲು ಇಲ್ಲಿ ಒತ್ತಿ. ಹತ್ತು ನಿಮಿಷದಲ್ಲಿ ನನ್ನ ಫೋನು ಬಡಿದುಕೊಂಡಿತು.

"ಹ್ವಾಯ್ ಟೀಚ್ರೆ! ಅಂವ ಕರ್ದ ಅಂತ ನಾ ಹೋಪುದಾ? ಅದೂ ಮತ್ತೆ ಮೊಬೈಲಂಗೇ ಕರೀತ್ನಾ? ಒಂದ್ಸಲ ಮಾಡದ್ದ್ ಸಾಲ್ಲಿಲ್ಯಾ ಅವ್ನಿಗೆ?"

ಅದು ಅವನಲ್ಲ, ಯಂತ್ರ ಎಂದೆ. ಯಂತ್ರಕ್ಕೆ ಅವನ ಹೆಸರು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಎಲ್ಲ ಅಳಿಸಿ ಅಕ್ಕನ ಹೆಸರಿನಲ್ಲಿ ಮತ್ತೆ ತೆರೆದೆ. ತಂಗಿಯ ಆಹ್ವಾನವನ್ನೂ ಅವರು ಒತ್ತಲಿಲ್ಲ; ತಂಗಿಯಾದರೂ ಕ್ರಮ ಕ್ರಮವೇ. ಕೊನೆಗೆ ನಾನು ಆ ಸಂದೇಶವನ್ನು ಪ್ರಿಂಟ್ ತೆಗೆದೆ. ಅಕ್ಕ ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಟ್ಟರು. ಅದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬೈಂದೂರಿನ ಬಸ್ಸು ಹತ್ತಿ, ಅವರ ಮನೆಯ ಜಗಲಿಯಲ್ಲಿ ನಿಂತು, ಡಿಜಿಟಲ್ ಕಚೇರಿಗೆ ತಾವು ಮನೆಮಂದಿ ಸಮೇತ ಬರಬೇಕು ಎಂದು ಕರೆದೆ. ಅವರು ಕನ್ನಡಕ ಹಾಕಿ ಪ್ರಿಂಟನ್ನು ಪೂರ್ತಿ ಓದಿದರು, ಕೆಳಗಿನ ಇಂಗ್ಲಿಷ್ ಷರತ್ತುಗಳನ್ನೂ ಬಿಡಲಿಲ್ಲ. ಅವರ ಹೆಂಡತಿ ಚಹಾ, ಚಕ್ಕುಲಿ ತಂದಿಟ್ಟರು. ಆಮೇಲೆ ಅವರು ಹರಿವಾಣ ಮುಟ್ಟಿ, "ಆಯ್ತ್, ಬತ್ತೆ," ಎಂದು ಟ್ಯಾಬಿನಲ್ಲಿ ಬೆರಳೊತ್ತಿದರು. ಎರಡು ದಿನದ ತರಬೇತಿಯಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಅಲ್ಲಿಂದ ನನ್ನ ಜಾಣತನ ಶುರು. ಈ ಇಬ್ಬರಿಗೂ ಬಾಯಿಯೇ ಇಲ್ಲದ ಕಚೇರಿ ಕಟ್ಟುತ್ತೇನೆ ಎಂದು ನಿರ್ಧರಿಸಿದೆ. ಹರಟೆಯ ಭಾಗವನ್ನು ಮುಚ್ಚಿಹಾಕಿದೆ. ಪ್ರತಿ ಕಡಾಯಿ, ಪ್ರತಿ ಕಂಬಕ್ಕೆ ನಂಬರು ಬರೆಸಿ, ಫೋಟೊ ತೆಗೆದು ಪಟ್ಟಿಗೆ ಏರಿಸಿದೆ. ಬುಕಿಂಗ್ ಬಂದರೆ ಇಬ್ಬರ ಪರದೆಯಲ್ಲೂ ಒಟ್ಟಿಗೇ ಕಾಣುತ್ತದೆ. ಪ್ರತಿ ಸಾಮಾನಿನ ಎದುರು ಮೂರೇ ಗುಂಡಿ: ಇದೆ, ಇಲ್ಲ, ಕಳಿಸಿದೆ. ಬಯ್ಯಲು ಜಾಗವೇ ಇಲ್ಲ! ಒಂದು ವಾರ ಗಡಿಯಾರದಂತೆ ನಡೆಯಿತು. ಅಕ್ಕನ ಎರಡು ಫೋನೂ ಸುಮ್ಮನೆ ಬಿದ್ದಿದ್ದವು. ಅವರು ಅವುಗಳ ಧೂಳು ಒರೆಸಿ, "ಎಂತ, ಹಾಳಾಯ್ತಾ ಅಂದ್ಕಂಡೆ," ಎಂದು ಪೆಚ್ಚುಪೆಚ್ಚಾಗಿ ನಕ್ಕರು. ನೀವು ಈಗಿನಿಂದಲೇ ಪರದೆ ನೋಡುವ ಅಭ್ಯಾಸ ಬಿಡಿ, ಹೊಸ ಬುಕಿಂಗ್ ನಾನೇ ಏರಿಸುತ್ತೇನೆ ಎಂದು ನಾನು ಹೇಳಿದ್ದರಿಂದ ಅವರು ಮನೆಯಲ್ಲಿ ಬಾಣಂತಿ ಲೇಹ್ಯ ಕಾಯಿಸಲು ಕೂತರು.

ಆದರೆ ನಾನೊಂದು ಎಡವಟ್ಟು ಮಾಡಿದ್ದೆ. ನಮೂನೆಯ ಕೊನೆಯಲ್ಲಿ, ಸರಕಾರಿ ಅರ್ಜಿಗಳನ್ನು ಟೈಪ್ ಮಾಡಿ ಮಾಡಿ ಬಂದ ಅಭ್ಯಾಸದಿಂದ, 'ಷರಾ' ಎಂದು ಒಂದು ಕಾಲಂ ಹಾಕಿದ್ದೆ. ಕಡಾಯಿ ಸೀಳಿದ್ದರೆ, ಕಂಬ ಬಾಗಿದ್ದರೆ ಬರೆಯಲಿ ಎಂದು. ಎಂಟನೇ ದಿನ ಬೈಂದೂರಿನಿಂದ ಮೊದಲ ಷರಾ ಬಂತು:

"ಐದನೇ ನಂಬರ್ ಕಡಾಯಿಗೆ ತಿಳಿಸುವುದೇನೆಂದರೆ, ನಿನ್ನ ತಳ ಕರಕಲಾಗಿ ವಾಪಸು ಬಂದುದಕ್ಕೆ ಬೇಸರಿಸಬೇಡ. ಕೆಲವರಿಗೆ ತೊಳೆದು ಅಭ್ಯಾಸವಿಲ್ಲ."

ಒಂದು ಗಂಟೆಯೊಳಗೆ ಬ್ರಹ್ಮಾವರದಿಂದ ಉತ್ತರ: "ಹನ್ನೆರಡನೇ ನಂಬರ್ ಕಂಬದ ಗಮನಕ್ಕೆ. ನಿನಗಿಂತ ಗಟ್ಟಿಯಾದ ಮರ ಬೈಂದೂರಿನಲ್ಲಿದೆ. ಒಂಬತ್ತು ವರ್ಷವಾದರೂ ಬಗ್ಗಿಲ್ಲ."

ಮಾತು ಬಿಟ್ಟವರು ಗೋಡೆಗೆ, ಬೆಕ್ಕಿಗೆ, ಕೈಗೂಸಿಗೆ ಹೇಳುವಂತೆ ಹೇಳಿ ಎದುರಿನವರಿಗೆ ಮುಟ್ಟಿಸುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿ ಬೆಳೆದವಳು. ಅದು ಕಂಪ್ಯೂಟರಿನ ಒಳಗೂ ನುಗ್ಗುತ್ತದೆ ಎಂದು ಎಣಿಸಿರಲಿಲ್ಲ. ಆ ಕಾಲಂ ಅಳಿಸಲು ಎರಡು ನಿಮಿಷ ಸಾಕಿತ್ತು. ಅಳಿಸಲಿಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ಅದನ್ನು ಓದುವ ಚಟ ಹತ್ತಿತ್ತು. ಬೆಳಿಗ್ಗೆ ಪೇಪರು ಬಿಡಿಸುವ ಮೊದಲು ಷರಾ ತೆರೆಯುತ್ತಿದ್ದೆ. ನನಗೊಬ್ಬಳಿಗೇ ಅಲ್ಲ. ಎರಡೂ ಗೋದಾಮಿನ ಲೋಡಿಂಗಿನವರು ಊಟದ ಹೊತ್ತಿಗೆ ಪರದೆಯ ಸುತ್ತ ಸೇರುತ್ತಿದ್ದರಂತೆ. ಒಂದು ದಿನ ಬ್ರಹ್ಮಾವರದ ದೀಪದ ಕೆಲಸದವರು ಫೋನು ಮಾಡಿ, "ಟೀಚ್ರೆ, ನೆಟ್ ಹೋಯ್ತಾ ಎಂತ? ಇವತ್ತಿನ ಷರಾ ಇನ್ನೂ ಬರ್ಲಿಲ್ಲೆ," ಎಂದು ವಿಚಾರಿಸಿದರು.

ಅಕ್ಕನ ರೈಲಿಗೆ ಒಂದು ದಿನ ಉಳಿದಿತ್ತು. ಮರುದಿನವೇ ಕೋಟದಲ್ಲಿ ಒಂದು ಮದುವೆ. ತಮ್ಮನ ಚಪ್ಪರ ಎದ್ದು ನಿಂತಿತ್ತು, ಅಣ್ಣನ ಪಾತ್ರೆಗಳು ಮಧ್ಯಾಹ್ನದೊಳಗೆ ಮುಟ್ಟಬೇಕಿತ್ತು. ಅಂದು ಬೆಳಿಗ್ಗೆ ಬ್ರಹ್ಮಾವರದಿಂದ ಬಂದ ಷರಾದಲ್ಲಿ ನಗುವಂಥದ್ದೇನೂ ಇರಲಿಲ್ಲ: "ಎಲ್ಲ ಕಂಬಗಳ ಗಮನಕ್ಕೆ. ತಮ್ಮನ ಮನೆ ಒಕ್ಕಲಿಗೆ ಬಾರದವರು ಊರವರ ಮದುವೆಗೆ ಕಡಾಯಿ ಹೊತ್ತು ಹೋಗುತ್ತಾರೆ." ಈಗ ಅಳಿಸೋಣ ಎಂದು ಕಂಪ್ಯೂಟರಿನ ಎದುರು ಕೂರುವಷ್ಟರಲ್ಲಿ ಬೈಂದೂರು ಓದಿಯಾಗಿತ್ತು. ನನ್ನ ಕಣ್ಣೆದುರೇ ಪಟ್ಟಿ ಮೇಲಿನಿಂದ ಕೆಳಗೆ ಬದಲಾಗತೊಡಗಿತು. ಒಂದನೇ ಕಡಾಯಿ, ಇಲ್ಲ. ಎರಡನೇ ಕಡಾಯಿ, ಇಲ್ಲ. ಹಂಡೆ, ಇಲ್ಲ. ಕೊನೆಗೆ ಸೌಟು ಸಹ ಇಲ್ಲ.

ಮಧ್ಯಾಹ್ನ ಕೋಟದಿಂದ ಅಡುಗೆಯವರ ಫೋನು. "ಎಂತ ಮರ್ರೆ, ಚಪ್ರ ಇತ್ತ್, ಪಾತ್ರೆ ಇಲ್ಲೆ. ಅನ್ನ ಎಂತ ಚಪ್ರದ ಬಟ್ಟೇಲಿ ಬೇಯ್ಸುದಾ?" ಅವರು ನನಗೆ ಮಾತ್ರವಲ್ಲ, ಅಕ್ಕನಿಗೂ ಫೋನು ಮಾಡಿದ್ದರು. ನಾನು ಓಡಿಕೊಂಡು ಆಫೀಸಿಗೆ ಹೋದಾಗ ಅಕ್ಕ ಆಗಲೇ ಬಂದು ಪರದೆಯ ಮುಂದೆ ಕೂತು, ಷರಾಗಳನ್ನು ಮೊದಲಿನಿಂದ ಓದುತ್ತಿದ್ದರು. ನನ್ನತ್ತ ತಿರುಗಿ ನೋಡಲಿಲ್ಲ. ಕೈಚೀಲದಿಂದ ಟಿಕೆಟು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ್ ಕ್ಯಾನ್ಸಲ್ ಮಾಡಿ ಟೀಚ್ರೆ. ನಾ ಹೋರೆ ಇವ್ರಿಂದ ಆಫೀಸ್ ನಡಿತಿಲ್ಲೆ." ಹಾಗೆ ಹೇಳುತ್ತಲೇ ಎರಡೂ ಕೈ ಎರಡೂ ಫೋನಿನ ಕಡೆಗೆ ಹೋದವು.

ಆಗ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಹೇಳಲಾರೆ. ಆ ಇಬ್ಬರ ಮೇಲೂ ಹೌದು, ಇಷ್ಟು ದಿನ ಕೂತು ಮಜಾ ತೆಗೆದುಕೊಂಡ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಎರಡೂ ಫೋನು ಕಿತ್ತು ನನ್ನ ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದೆ. "ಟೀಚ್ರೆ, ಎಂತ ಇದ್!" ಎಂದು ಅಕ್ಕ ಎದ್ದು ನಿಂತರು. ಅವರು ಎದ್ದದ್ದೇ ಒಳ್ಳೆಯದಾಯಿತು. ಅದುವರೆಗೆ ಯಾರೂ ಮುಟ್ಟದ ವಿಡಿಯೊ ಮೀಟಿಂಗಿನ ಗುಂಡಿಯನ್ನು ಒತ್ತಿ, ಎರಡೂ ಊರನ್ನು ಕರೆದೆ. ಅಕ್ಕನ ಹೆಸರಿನಿಂದ ಹೋದ ಕರೆ, ಇಬ್ಬರೂ ಎತ್ತಿದರು.

ಪರದೆಯಲ್ಲಿ ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ, ನಡುವೆ ಖಾಲಿ ಕುರ್ಚಿ. ಅಕ್ಕ ನನ್ನ ಸನ್ನೆ ನೋಡಿ ಕ್ಯಾಮರಾಕ್ಕೆ ಕಾಣದಂತೆ ಗೋಡೆಯ ಬದಿಗೆ ಸರಿದರು. ಆಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು ಕುರ್ಚಿಗೇ ಹೇಳತೊಡಗಿದರು: "ಹೆಣೇ, ಅವ್ನಿಗೆ ಹೇಳ್, ಊರವ್ರ ಮದ್ವೆಗೆ ನಾ ಕಡಾಯಿ ಹೊರೂದ್ ಬೇಡ ಅಂದ್ರೆ ಬೇಡ, ಅವ್ನೇ ಹೊರ್ಲಿ."

ತಮ್ಮನೂ ಕುರ್ಚಿಗೇ ಹೇಳಿದ: "ಅಕ್ಕಾ, ಹೊರುಕೆ ನಂಗೂ ಗೊತ್ತಿತ್ತ್ ಅಂತ ಹೇಳ್."

ಕುರ್ಚಿ ಯಾರಿಗೂ ಏನೂ ಹೇಳಲಿಲ್ಲ. ಇಬ್ಬರೂ ಮತ್ತೊಂದು ಸಲ ಕುರ್ಚಿಗೇ ಹೇಳಿದರು. ಕೊನೆಗೆ ತಮ್ಮ ಸಿಡಿದ.

"ಕುರ್ಚಿ ಎಂತಕ್ಕೆ ಕಾಂತೆ? ನನ್ನ್ ಕಾಣ್! ಹೌದಾ, ಫೋನಲ್ ಹೇಳ್ದೆ. ಮನೆ ಕೆಲ್ಸ ಮುಗಿಲಿಲ್ಲೆ, ಮೇಸ್ತ್ರಿ ಕೈ ಕೊಟ್ಟಿದ್ದ, ಒಕ್ಲಿಗೆ ನಾಕ್ ದಿನ ಇದ್ದಿತ್. ಬೇರೆಯವ್ರ ಮನಿಗೆಲ್ಲ ಓಡ್ಕಂಡ್ ಹೋಯಿ ಹೇಳ್ದೆ. ನೀ ನಮ್ಮವ, ನಿಂಗೆ ಫೋನ್ ಸಾಕ್ ಅಂತ ಮಾಡ್ದೆ!"

"ನಮ್ಮವ ಆರೆ ಮೊದ್ಲ್ ನನ್ ಮನಿಗೆ ಬರ್ಕಿತ್ತ್!" ಎಂದು ಅಣ್ಣ ಗುಡುಗಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ಇವತ್ ಬತ್ತ, ನಾಳಿಗ್ ಬತ್ತ ಅಂತೇಳಿ ನಾಕ್ ದಿನ ಜಗ್ಲಿ ಮೇಲೆ ಕೂತಿದ್ದೆ. ಹೊಸ ಪಂಚೆ ತಂದ್ ಇಟ್ಟಿದ್ದೆ ಮಾರಾಯ."

ನಂತರ ನಡೆದದ್ದನ್ನು ಪೂರ್ತಿ ಬರೆದರೆ ಯಾರೂ ಅಚ್ಚು ಹಾಕಲಾರರು. ಇಬ್ಬರೂ ಬಾಯಿಗೆ ಬಂದದ್ದೆಲ್ಲ ಬೈದುಕೊಂಡರು. ಎರಡೂ ಗೋದಾಮಿನ ಕೆಲಸದವರು ಹಿಂದೆ ಗುಂಪುಗೂಡಿ ನಿಂತದ್ದು ಪರದೆಯಲ್ಲಿ ಕಾಣುತ್ತಿತ್ತು. ಅರ್ಧ ಗಂಟೆಯಾದ ಮೇಲೆ ಬೈಗುಳ ಮುಗಿಯಿತು. ಇಬ್ಬರೂ ನೀರು ಕುಡಿದರು.

"ಕಡಾಯಿ ಎಷ್ಟ್ ಬೇಕಾ?" ಎಂದು ಕೇಳಿದರು ಅಣ್ಣ.

"ಹನ್ನೊಂದ್."

"ಐದನೇದ್ ಬತ್ತಿಲ್ಲೆ. ತಳ ಸುಟ್ಟ್ ಹೋಯ್ತ್."

"ನಾ ನಿಂತ್ ತೊಳ್ಸಿ ಕೊಡ್ತೆ, ಕಳ್ಸ್."

ಪಟ್ಟಿಯಲ್ಲಿ ಇಲ್ಲಗಳೆಲ್ಲ ಒಂದೊಂದಾಗಿ ಕಳಿಸಿದೆ ಎಂದಾದವು. ನಾನು ಕುಣಿಯುವುದೊಂದು ಬಾಕಿ. ಅಕ್ಕನನ್ನು ತಬ್ಬಿಕೊಳ್ಳೋಣ ಎಂದು ತಿರುಗಿದರೆ ಅವರು ಗೋಡೆಗೆ ಒರಗಿ ನಿಂತೇ ಇದ್ದರು. ಮುಖದಲ್ಲಿ ಸಂತೋಷವಿರಲಿಲ್ಲ. ಟಿಕೆಟನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಷರಾ ಅಳಿಸದೆ ಓದುತ್ತಾ ಕೂತದ್ದಕ್ಕೆ ನನ್ನ ಮೇಲೆ ಸಿಟ್ಟು ಎಂದುಕೊಂಡೆ. ಸಿಟ್ಟಾಗಲು ಅವರಿಗೆ ಹಕ್ಕೂ ಇತ್ತು.

ಮರುದಿನ ಮಧ್ಯಾಹ್ನದ ಮೇಲೆ ರೈಲು ನಿಲ್ದಾಣಕ್ಕೆ ನಾನೇ ಸ್ಕೂಟರಿನಲ್ಲಿ ಬಿಟ್ಟೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಲೇಹ್ಯದ ಡಬ್ಬಿ ಎಲ್ಲ ಸೇರಿ ಚೀಲ ಕಲ್ಲಿನಷ್ಟು ಭಾರವಿತ್ತು. ಬೆಂಚಿನ ಮೇಲೆ ಕೂತ ಹೊತ್ತಿಗೆ, ನಾನು ವಾಪಸು ಕೊಟ್ಟಿದ್ದ ಎಡಗಡೆಯ ಫೋನು ಹೊಡೆದುಕೊಂಡಿತು. ಅಣ್ಣ. "ಹೆಣೇ, ಕೋಟದಿಂದ ಹಂಡೆ ಎಷ್ಟ್ ಹೊತ್ತಿಗೆ ಬತ್ತ್ ಅಂತ ಅವ್ನ ಹತ್ರ ಕೇಳ್..."

"ಅವ್ನ ನಂಬ್ರ್ ನಿನ್ ಹತ್ರ ಇತ್ತಲೆ. ನೀನೇ ಕೇಳ್," ಎಂದು ಅಕ್ಕ ಫೋನು ಇಟ್ಟುಬಿಟ್ಟರು. ನಾನು ಗಟ್ಟಿಯಾಗಿ ನಕ್ಕೆ. ಅವರು ನಗಲಿಲ್ಲ.

"ಅರ್ಧ ಗಂಟೆ, ಅಲ್ದಾ ಟೀಚ್ರೆ?" ಎಂದು ಕೇಳಿದರು.

ಏನು ಅರ್ಧ ಗಂಟೆ ಎಂದು ನನಗೆ ಕೂಡಲೇ ಹೊಳೆಯಲಿಲ್ಲ.

"ಬೈದ್ಕಂಡ್ ಮುಗ್ಸುಕೆ ಅವ್ರಿಗೆ ಅರ್ಧ ಗಂಟೆ ಸಾಕಾಯ್ತ್. ನಾ ನಡುವಿಗೆ ಇಪ್ಪುದಕ್ಕೆ ಅವ್ರ್ ಹೊಡ್ದಾಡ್ದೆ ಇದ್ದ್ರ್ ಅಂತ ಅಂದ್ಕಂಡಿದ್ದೆ. ನಾ ನಡುವಿಗೆ ಇಪ್ಪುದಕ್ಕೆ ಅವ್ರಿಗೆ ಮಾತಾಡೂದೇ ಬೇಡ ಆಯ್ತ್." ಸೆರಗಿನಿಂದ ಮೂಗು ಒರೆಸಿಕೊಂಡರು. "ದೊಡ್ಡವ್ಳ ಮಗುಗೆ ಒಂದ್ ದಿನ ನನ್ ಕೈಯಾರೆ ನೀರ್ ಹಾಕ್ಲಿಲ್ಲೆ. ಇದ್ಕಾಗಿ."

ರೈಲು ಬಂತು. ನಾನು ಎರಡೂ ಕೈಯಿಂದ ಚೀಲ ಎತ್ತಿ ಅವರ ಹಿಂದೆ ಹತ್ತಿಸಿಕೊಟ್ಟೆ.